ಓಪನ್ ಎಂಸಿಟಿ: ಕ್ಯಾಪ್ಸೂಲ್ ಒಳಗೂ ಕಂಟ್ರೋಲ್ ರೂಮಿಗೂ ಒಂದೇ ಡಿಸ್‌ಪ್ಲೇ, ಆದ್ರೆ ಗ್ರಾಫ್ ಖಾಲಿ

ಪ್ರಶ್ನೆ:
ಬಾಹ್ಯಾಕಾಶ ತರಬೇತಿ ಕ್ಯಾಪ್ಸೂಲ್ ಒಂದಕ್ಕೆ ನಾಸಾ ಏಮ್ಸ್‌ನ ಓಪನ್ ಎಂಸಿಟಿ (ನೌಕೆಯಿಂದ ಬರೋ ಡೇಟಾವನ್ನ ಬ್ರೌಸರ್‌ನಲ್ಲಿ ತೋರಿಸೋ ಸಾಫ್ಟ್‌ವೇರ್) ಹಾಕ್ತಿದ್ದೇವೆ. ಒಳಗೆ ಕೂತವರಿಗೆ ಒಂದು ಟ್ಯಾಬ್ಲೆಟ್, ಹೊರಗೆ ನಾಲ್ಕು ಕನ್ಸೋಲ್. ಎರಡೂ ಕಡೆ ಒಂದೇ ಕೋಡ್ ಓಡಬೇಕು. ಸರ್ವರ್‌ಗೆ ಪ್ಯಾಕೆಟ್ ಬರ್ತಿರೋದು ಲಾಗ್‌ನಲ್ಲಿ ಕಾಣುತ್ತೆ, ಕ್ಯಾಬಿನ್ ಒತ್ತಡದ ಗ್ರಾಫ್ ಮಾತ್ರ ಖಾಲಿ. ಒಂದು ಕನ್ಸೋಲ್‌ನಲ್ಲಿ ಜೋಡಿಸಿದ ಲೇಔಟ್ ಪಕ್ಕದ್ದರಲ್ಲಿ ಇರೋದೇ ಇಲ್ಲ. ಪ್ಯಾಕೆಟ್‌ಗಳು ಸಿಸಿಎಸ್‌ಡಿಎಸ್ (ಬಾಹ್ಯಾಕಾಶ ಡೇಟಾಗೆ ಇರೋ ಅಂತರರಾಷ್ಟ್ರೀಯ ಮಾನದಂಡ), ಸಮಯ 1958ರ ಜನವರಿ 1ರಿಂದ ಎಣಿಸುವ ಟಿಎಐ (ಲೀಪ್ ಸೆಕೆಂಡು ಸೇರಿಸದ ಪರಮಾಣು ಗಡಿಯಾರದ ಸಮಯ) ಸೆಕೆಂಡು.

ಉತ್ತರ 1:
ಸಮಯದ ಲೆಕ್ಕ ಮೊದಲು ನೋಡಿ. ಓಪನ್ ಎಂಸಿಟಿಯ ಯುಟಿಸಿಗೆ (ಲೀಪ್ ಸೆಕೆಂಡು ಸೇರಿಸುವ ವಿಶ್ವ ಸಮಯ) ಬೇಕಿರೋದು 1970ರಿಂದ ಎಣಿಸಿದ ಮಿಲಿಸೆಕೆಂಡು. ನಿಮ್ಮ ಸಂಖ್ಯೆಯಿಂದ 37,86,91,200 ಕಳೆಯಿರಿ, ಲೀಪ್ ಸೆಕೆಂಡಿನ 37 ಕಳೆಯಿರಿ (2017ರಿಂದ ಇದೇ ಅಂತರ), ಆಮೇಲೆ 1000ದಿಂದ ಗುಣಿಸಿ. ಮೊದಲನೆಯದು ಬಿಟ್ಟರೆ ಡೇಟಾ 12 ವರ್ಷ ಮುಂದಕ್ಕೆ ಹೋಗಿ ಕೂರುತ್ತೆ. ಗುಣಿಸೋದು ಮರೆತರೆ ಎಲ್ಲಾ 1970ರ ಜನವರಿಗೆ ಬೀಳುತ್ತೆ. 37 ಬಿಟ್ಟುಹೋದರೆ ಪತ್ತೆ ಹಚ್ಚೋದು ಕಷ್ಟ: ರಿಯಲ್‌ಟೈಮ್ ಕಿಟಕಿಯ ಮುಂದಿನ ಅಂಚು 30 ಸೆಕೆಂಡಿಗಿದ್ದರೆ ಹೊಸ ಬಿಂದುಗಳು ಏಳು ಸೆಕೆಂಡು ತಡವಾಗಿ ಕಾಣಿಸಿಕೊಳ್ತವೆ, ನೀವು ನೆಟ್‌ವರ್ಕನ್ನ ಬೈತಾ ಇರ್ತೀರಿ.

ಅದು ಸರಿಯಿದ್ದೂ ಗ್ರಾಫ್ ಖಾಲಿಯಾದರೆ ಮೆಟಾಡೇಟಾ (ಪ್ರತಿ ಫೀಲ್ಡ್ ಏನು ಅಂತ ಹೇಳೋ ವಿವರಣೆ) ನೋಡಿ. ಸಮಯದ ಫೀಲ್ಡಿನ ‘ಕೀ’ ಟೈಮ್ ಸಿಸ್ಟಮ್‌ನ ಕೀ ಜತೆ ಅಕ್ಷರಕ್ಕಕ್ಷರ ಹೊಂದಬೇಕು. ಪ್ಯಾಕೆಟ್‌ನಲ್ಲಿ ಬೇರೆ ಹೆಸರಿದ್ದರೆ ಅದನ್ನ ‘ಸೋರ್ಸ್’ನಲ್ಲಿ ಕೊಡಿ. ಸಮಯಕ್ಕೆ ಡೊಮೈನ್ ಹಿಂಟ್ (ಗ್ರಾಫಿನ ಅಡ್ಡ ಅಕ್ಷ), ಒತ್ತಡಕ್ಕೆ ರೇಂಜ್ ಹಿಂಟ್ (ನೇರ ಅಕ್ಷ) ಕೊಡಿ.

ಲೇಔಟ್ ಕಾಣದಿರೋಕೆ ಕಾರಣ, ಲೋಕಲ್ ಸ್ಟೋರೇಜ್ ಪ್ಲಗಿನ್ ಆಯಾ ಬ್ರೌಸರ್‌ನಲ್ಲೇ ಉಳಿಸುತ್ತೆ. ಒಪ್ಪಿಗೆಯಾದ ಲೇಔಟನ್ನ ಜೇಸನ್ ಆಗಿ ಎಕ್ಸ್‌ಪೋರ್ಟ್ ಮಾಡಿ, ರೆಪೋದಲ್ಲಿಟ್ಟು, ಸ್ಟ್ಯಾಟಿಕ್ ರೂಟ್ ಪ್ಲಗಿನ್‌ನಿಂದ ಲೋಡ್ ಮಾಡಿ. ಓದೋಕೆ ಮಾತ್ರ ಸಿಗುತ್ತೆ, ಯಾರೂ ತಪ್ಪಿ ಎಳೆದು ಕೆಡಿಸೋಕಾಗಲ್ಲ. ತಿದ್ದುವ ಕೆಲಸ ಹೊರಗಿನವರದ್ದು, ಅಲ್ಲಿಗೆ ಎಲ್ಲಾ ಕನ್ಸೋಲ್ ಹಂಚಿಕೊಳ್ಳೋ ಕೌಚ್‌ಡಿಬಿ ಡೇಟಾಬೇಸ್ ಸಾಕು.

ಉತ್ತರ 2:
ಖಾಲಿ ಗ್ರಾಫ್ ಪರವಾಗಿಲ್ಲ, ಕಣ್ಣಿಗೆ ಬೀಳುತ್ತೆ. ಲಿಂಕ್ ಹೋದಮೇಲೂ 101.3 ಕಿಲೋಪ್ಯಾಸ್ಕಲ್ ಅಂತ ನಿಂತೇ ಇರೋ ಸಂಖ್ಯೆ ಅಪಾಯ. ಪ್ಲಗಿನ್‌ನಲ್ಲಿ ಸ್ಟೇಲ್‌ನೆಸ್ ಪ್ರೊವೈಡರ್ (ಡೇಟಾ ಹಳತಾಗಿದೆ ಅಂತ ತಿಳಿಸೋ ಕೋಡ್) ಬರೀರಿ. ಸೆಕೆಂಡಿಗೊಂದು ಪ್ಯಾಕೆಟ್ ಬರ್ತಿದ್ದರೆ ಒಳಗೆ ಮೂರು ಸೆಕೆಂಡಿನ ಮಿತಿ ಇಡಿ. ಹೊರಗೆ ಅದಕ್ಕೆ ಲಿಂಕಿನ ವಿಳಂಬ ಸೇರಿಸಿ. ಕೋಡ್ ಒಂದೇ ಇರಲಿ, ಈ ಮಿತಿ ಮತ್ತು ಸರ್ವರ್ ವಿಳಾಸ ಮಾತ್ರ ಕಾನ್ಫಿಗ್ ಫೈಲ್‌ನಿಂದ ಬರಲಿ.

ಪ್ಯಾಕೆಟ್ ಕಳೆದಿದೆಯಾ ಅಂತ ಸೀಕ್ವೆನ್ಸ್ ಕೌಂಟ್‌ನಿಂದ (ಪ್ಯಾಕೆಟ್‌ನ ಕ್ರಮಸಂಖ್ಯೆ) ತಿಳಿಯುತ್ತೆ, ಎಪಿಐಡಿಗೆ (ಪ್ಯಾಕೆಟ್ ಯಾವುದರದ್ದು ಅಂತ ಹೇಳೋ ಗುರುತಿನ ಸಂಖ್ಯೆ) ಒಂದರಂತೆ ಬೇರೆ ಬೇರೆ ಲೆಕ್ಕ ಇಡಬೇಕು. ಅದು 14 ಬಿಟ್; 16383 ಆದಮೇಲೆ ಸೊನ್ನೆ. ಸೆಕೆಂಡಿಗೊಂದರಂತೆ ನಾಲ್ಕೂವರೆ ಗಂಟೆಗೊಮ್ಮೆ ತಿರುಗುತ್ತೆ, ಅದನ್ನ ನಷ್ಟ ಅಂತ ಎಣಿಸಬೇಡಿ. ಎಪಿಐಡಿ 2047 ಖಾಲಿ ಪ್ಯಾಕೆಟ್, ಎಸೆಯಿರಿ. ಉದ್ದದ ಫೀಲ್ಡ್‌ನಲ್ಲಿ ಇರೋದು 6 ಬೈಟ್ ಹೆಡರ್ ಆದಮೇಲಿನ ಬೈಟ್‌ಗಳಿಗಿಂತ ಒಂದು ಕಮ್ಮಿ.

ಪ್ರಶ್ನೆ ಕೇಳಿದವರು:
37 ಕಳೆದಿದ್ದೆವು, 1958ರ ಅಂತರ ಬಿಟ್ಟುಹೋಗಿತ್ತು. ಈಗ ಗ್ರಾಫ್ ಬಂತು. ಕಮಾಂಡ್ ಬಟನ್ನೂ ಇದರಲ್ಲೇ ಹಾಕಬಹುದಾ?

ಉತ್ತರ 2:
ಓಪನ್ ಎಂಸಿಟಿ ಮೂಲತಃ ತೋರಿಸೋಕೆ ಇರೋದು. ಕಮಾಂಡ್ ಯಾಮ್ಸ್‌ನಂಥ ಮಿಷನ್ ಕಂಟ್ರೋಲ್ ಸರ್ವರ್‌ನಿಂದ ಹೋಗಲಿ, ಅಲ್ಲಿ ಅನುಮತಿ ಮತ್ತು ದಾಖಲೆ ಎರಡೂ ಇರ್ತವೆ. ಬಟನ್ ಒತ್ತಿದ ತಕ್ಷಣ ಹಸಿರು ತೋರಿಸಬೇಡಿ. ಕ್ಯಾಪ್ಸೂಲ್‌ನಿಂದ ಬರೋ ಕಮಾಂಡ್ ಸ್ವೀಕೃತಿಯ ಕೌಂಟರ್ ಒಂದು ಏರಿದಮೇಲೆ ತೋರಿಸಿ.