26 ಇಂಚಿನ ಎಂಟಿಬಿ (ಮೌಂಟನ್ ಬೈಕ್) ಫ್ರೇಮಿಗೆ 27.5 ಗಾಲಿ ಕೂರುತ್ತದೆಯೇ?

ಕೆಮ್ಮಣ್ಣುದಾರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸೈಕಲ್ಲಿನ ವಿವರ ಮೊದಲೇ ಕೊಟ್ಟುಬಿಡುತ್ತೇನೆ. ಅಲ್ಯೂಮಿನಿಯಂ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ್ದು), 26 ಇಂಚಿನ ಗಾಲಿ. 100 ಮಿಮೀ ಟ್ರಾವೆಲ್‌ನ ಏರ್ ಫೋರ್ಕ್, ಮೇಲಿಂದ ಕೆಳಗಿನವರೆಗೂ ಒಂದೇ ದಪ್ಪದ 1⅛ ಇಂಚಿನ ಸ್ಟಿಯರರ್ (ಫ್ರೇಮಿನೊಳಗೆ ಹೋಗುವ ಫೋರ್ಕಿನ ಕೊಳವೆ). ಹಬ್ ಎರಡೂ ಕ್ವಿಕ್ ರಿಲೀಸ್: ಮುಂದೆ 100 ಮಿಮೀ, ಹಿಂದೆ 135. ಎರಡೂ ಕಡೆ ಡಿಸ್ಕ್ ಬ್ರೇಕ್, ಆರು ಬೋಲ್ಟಿನ ರೋಟರ್. ರಿಮ್ಮಿಗೆ 32 ತೂತು, ಒಳ ಅಗಲ 19 ಮಿಮೀ. 3×9 ಗೇರು.

ಈಗಿರುವ 26×2.1 ಟೈರಿನ ಬಟನ್‌ಗಳು ಸವೆದು ಹೋಗಿವೆ. ಓಡಾಟ ಹೆಚ್ಚಾಗಿ ಕಾಫಿ ತೋಟದ ಮಣ್ಣುದಾರಿ ಮತ್ತು ಜಲ್ಲಿ, ಮಳೆಗಾಲದಲ್ಲೂ ನಿಲ್ಲುವುದಿಲ್ಲ. ಅಂಗಡಿಯಲ್ಲಿ 26ಕ್ಕೆ ಒಳ್ಳೆ ಟೈರು ಸಿಗುವುದು ಕಷ್ಟ, ಗಾಲಿಯನ್ನೇ 27.5ಕ್ಕೆ ಬದಲಾಯಿಸಿಬಿಡಿ ಎನ್ನುತ್ತಿದ್ದಾರೆ. ಜೊತೆಗೆ 27.5ರ ಒಂದು ಜೋಡಿ ಬೂಸ್ಟ್ (ಅಗಲದ ಹಬ್ಬಿನ) ಗಾಲಿ ಕಡಿಮೆ ಬೆಲೆಗೆ ಮಾರಾಟಕ್ಕಿದೆ. ಡಿಸ್ಕ್ ಬ್ರೇಕ್ ಆದ್ದರಿಂದ ರಿಮ್ ಎತ್ತರದ ತಕರಾರಿಲ್ಲ ಅಂತ ಓದಿದ್ದೇನೆ. ಅಡಾಪ್ಟರ್ ಹಾಕಿ ಆ ಗಾಲಿ ಕೂರಿಸಬಹುದೇ? ಕೂತರೂ ಅದು ಸರಿಯೇ?

---

ಬೀಡ್‌ಸಾಲು ಉತ್ತರ:

ಮೊದಲು ಇಂಚಿನ ಲೆಕ್ಕ ಮರೆತುಬಿಡಿ. 26, 27.5, 29 ಅನ್ನುವವು ಹೆಸರುಗಳು, ಅಳತೆಗಳಲ್ಲ. ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 54-559 ಥರದ ಇನ್ನೊಂದು ಸಂಖ್ಯೆ ಇರುತ್ತದೆ, ಅದೇ ಇಟಿಆರ್‌ಟಿಒ (ಯುರೋಪಿನ ಟೈರು-ರಿಮ್ ಸಂಸ್ಥೆ) ಅಳತೆ. 54 ಎಂದರೆ ಟೈರಿನ ಅಗಲ, 559 ಎಂದರೆ ಟೈರಿನ ಬೀಡು (ಒಳ ಅಂಚು) ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿಮೀನಲ್ಲಿ. ಎಂಟಿಬಿಯ 26ಕ್ಕೆ 559, 27.5ಕ್ಕೆ 584, 29ಕ್ಕೆ 622.

ಹೆಸರು ನೋಡಿದರೆ 27.5 ಸರಿಯಾಗಿ ನಡುವೆ ನಿಂತ ಹಾಗಿದೆ. ರಿಮ್ ನೋಡಿ: 26ರಿಂದ 27.5ಕ್ಕೆ 25 ಮಿಮೀ, 27.5ರಿಂದ 29ಕ್ಕೆ 38 ಮಿಮೀ. ಅಂದರೆ ಅದು ದೊಡ್ಡಣ್ಣನಿಗಿಂತ ಚಿಕ್ಕವನಿಗೇ ಹತ್ತಿರ. ಕಾರಣ, ಈ ಮೂರನ್ನೂ ಯಾರೂ ಒಟ್ಟಿಗೆ ಕೂತು ಎಂಟಿಬಿಗಾಗಿ ರೂಪಿಸಿದ್ದಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ ಬೆಟ್ಟ ಇಳಿಯಲು ಬಳಸಿದ್ದು ಹಳೆಯ ಕ್ರೂಸರ್ ಸೈಕಲ್‌ಗಳನ್ನು. ಅವುಗಳ ದಪ್ಪ ಟೈರಿನ 559 ಹಾಗೇ ಉಳಿಯಿತು. 584 ಫ್ರೆಂಚ್ ಟೂರಿಂಗ್ ಸೈಕಲ್‌ಗಳ ಹಳೆಯ 650ಬಿ. 622 ರೋಡ್ ಸೈಕಲ್ಲಿನ 700ಸಿ ರಿಮ್ಮೇ. 1999ರಲ್ಲಿ ಡಬ್ಲ್ಯುಟಿಬಿ ಕಂಪನಿಯ ನ್ಯಾನೋರ‍್ಯಾಪ್ಟರ್ ಟೈರು ಬಂದಮೇಲೆ ಅದಕ್ಕೆ 29 ಎಂಬ ಹೆಸರು ಗಟ್ಟಿಯಾಯಿತು.

ಟೈರು ಕೊಳ್ಳುವಾಗ ಒಂದು ಎಚ್ಚರ. ದಶಾಂಶದಲ್ಲಿ ಬರೆದ 26×2.1 ಬೇರೆ, ಭಿನ್ನರಾಶಿಯಲ್ಲಿ ಬರೆದ 26×1⅜ ಬೇರೆ. ಎರಡನೆಯದು 590. ನಿಮ್ಮ ರಿಮ್ಮಿಗೆ ಹಾಕಿದರೆ 31 ಮಿಮೀ ಸಡಿಲ, ಗಾಳಿ ತುಂಬುವಾಗಲೇ ಕಳಚಿಕೊಳ್ಳುತ್ತದೆ. ಅಂಗಡಿಯಲ್ಲಿ "26ರದ್ದು ಕೊಡಿ" ಎಂದಷ್ಟೇ ಹೇಳಬೇಡಿ, 559 ಎಂದು ಓದಿ ನೋಡಿ.

ಇನ್ನು ನಿಮ್ಮ ಪ್ರಶ್ನೆ. ಡಿಸ್ಕ್ ಬ್ರೇಕ್ ಇದ್ದರೆ ರಿಮ್ ಎತ್ತರ ಅಡ್ಡಿಯಲ್ಲ ಎಂಬುದು ನಿಜ. ರಿಮ್ಮನ್ನೇ ಹಿಡಿಯುವ ವಿ-ಬ್ರೇಕ್ ಆಗಿದ್ದರೆ ರಿಮ್ಮಿನ ಅಂಚು 12.5 ಮಿಮೀ ಮೇಲೇರುತ್ತಿತ್ತು, ಪ್ಯಾಡ್ ಅಷ್ಟು ದೂರ ಸರಿಯುವುದಿಲ್ಲ, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಿಮಗೆ ಉಳಿದಿರುವ ಪ್ರಶ್ನೆ ಜಾಗದ್ದು, ಅದನ್ನು ಅಳೆಯದೆ ಯಾರೂ ಹೇಳಲಾರರು. ಹೀಗೆ ಅಳೆಯಿರಿ:

ಗಾಲಿ ಬಿಚ್ಚಿ, ಟೈರಿಗೆ ಎಂದಿನಷ್ಟು ಗಾಳಿ ತುಂಬಿ, ಗೋಡೆಗೆ ಒರಗಿಸಿ ನಿಲ್ಲಿಸಿ. ಮೇಲೆ ಒಂದು ಗಟ್ಟಿ ಪುಸ್ತಕವನ್ನು ಮಟ್ಟಸವಾಗಿ ಇಟ್ಟು ನೆಲದಿಂದ ಪುಸ್ತಕದ ತಳಕ್ಕೆ ಎಷ್ಟೆಂದು ನೋಡಿ. ಅದರ ಅರ್ಧ ನಿಮ್ಮ ಈಗಿನ ತ್ರಿಜ್ಯ. ಗಾಲಿ ಮರಳಿ ಕೂರಿಸಿ, ಟೈರಿಗೂ ಚೈನ್‌ಸ್ಟೇ (ಪೆಡಲಿನ ಕಡೆಯಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಜೋಡಿ ಕೊಳವೆ) ಸೇತುವೆಗೂ ನಡುವಿನ ಸಂದನ್ನು ಅಲೆನ್ ಕೀಗಳಿಂದ ಅಳೆಯಿರಿ. ಸ್ಕೇಲಿಗಿಂತ ಅದು ಖಚಿತ: 8ರ ಕೀ ಮತ್ತು 6ರ ಕೀ ಜೋಡಿಸಿ ತೂರಿದರೆ 14. ತ್ರಿಜ್ಯಕ್ಕೆ ಸಂದು ಕೂಡಿಸಿದರೆ ನಿಮ್ಮ ಫ್ರೇಮಿನ ಮಿತಿ ಬರುತ್ತದೆ. ಚೈನ್‌ಸ್ಟೇಗಳ ನಡುವಿನ ಅಗಲವನ್ನೂ ನೋಡಬೇಕು, ಆದರೆ ಈಗಿನ ಟೈರಿನ ಉಬ್ಬು ಇರುವ ಕಡೆಯಲ್ಲ, ಅಲ್ಲಿಂದ 12.5 ಮಿಮೀ ಮುಂದೆ. ಗಾಲಿ ದೊಡ್ಡದಾದರೆ ಉಬ್ಬು ಬಾಟಮ್ ಬ್ರಾಕೆಟ್ (ಪೆಡಲಿನ ಅಕ್ಷ ಕೂರುವ ಜಾಗ) ಕಡೆ ಸರಿಯುತ್ತದೆ, ಸ್ಟೇಗಳು ಅಲ್ಲಿ ಕಿರಿದಾಗುತ್ತಾ ಬರುತ್ತವೆ.

ಫೋರ್ಕಿನಲ್ಲಿ ಹಲವರು ತಪ್ಪುವುದು ಒಂದೇ ಕಡೆ. ಆರ್ಚ್ (ಫೋರ್ಕಿನ ಕೆಳಗಿನ ಎರಡು ಕಾಲು ಜೋಡಿಸುವ ಕಮಾನು) ಗಾಲಿಯ ಜೊತೆಗೇ ಚಲಿಸುತ್ತದೆ, ಅಲ್ಲಿನ ಸಂದು ಸದಾ ಒಂದೇ. ಟೈರಿನ ಮೇಲೆ ಇಳಿದು ಬರುವುದು ಕ್ರೌನ್, ಅಂದರೆ ಕಾಲುಗಳು ಮೇಲೆ ಸೇರುವ ಭಾಗ. ಆದ್ದರಿಂದ ಏರ್ ಚೇಂಬರಿನ ಗಾಳಿ ಪೂರ್ತಿ ಬಿಟ್ಟು, ಹ್ಯಾಂಡಲ್ ಒತ್ತಿ ಫೋರ್ಕನ್ನು ತಳ ಮುಟ್ಟಿಸಿ, ಆಗ ಕ್ರೌನಿನ ತಳಕ್ಕೂ ಟೈರಿಗೂ ಎಷ್ಟಿದೆ ಅಂತ ನೋಡಬೇಕು. ಎಲ್ಲ ಕಡೆಯೂ ಕನಿಷ್ಠ 6 ಮಿಮೀ ಉಳಿಯಬೇಕು. ಕೈಯಲ್ಲಿ ಒತ್ತಿದಾಗ ನಿಲ್ಲುವುದಕ್ಕಿಂತ ದೊಡ್ಡ ಹೊಡೆತಕ್ಕೆ ಬಂಪರ್ ಇನ್ನಷ್ಟು ಕುಗ್ಗುತ್ತದೆ. ಅಲ್ಲಿ ಟೈರು ಕ್ರೌನಿಗೆ ತಗುಲಿದರೆ ಮುಂದಿನ ಗಾಲಿ ಅಲ್ಲೇ ಕಚ್ಚಿ ನಿಲ್ಲುತ್ತದೆ, ಸವಾರ ಹ್ಯಾಂಡಲ್ ಮೇಲಿಂದ ಹೋಗುತ್ತಾನೆ.

---

ಹಬ್‌ಕೋನ್ ಉತ್ತರ:

ಬೂಸ್ಟ್ ಗಾಲಿಯ ಆಸೆ ಬಿಡಿ. ರಿಮ್ ವ್ಯಾಸ ಒಂದು ಕಥೆ, ಹಬ್ಬಿನ ಅಗಲ ಇನ್ನೊಂದೇ ಕಥೆ. ಎರಡೂ ಬೇರೆ ಬೇರೆ ಕಾಲದಲ್ಲಿ ಬದಲಾಗಿವೆ.

ಹಿಂದಿನ 142×12 ಎಂಬುದು ಹಳೆಯ 135ರ ಹಬ್ಬಿಗೇ ಎರಡೂ ತುದಿಯಲ್ಲಿ 3.5 ಮಿಮೀ ಸೇರಿಸಿದ್ದು, ಫ್ರೇಮಿನ ಗುಳಿಯೊಳಗೆ ಕೂರಲಿ ಎಂದು. ಫ್ಲಾಂಜ್ (ಕಡ್ಡಿ ಸಿಕ್ಕಿಸುವ ಅಂಚು), ರೋಟರ್ ಎಲ್ಲ ಇದ್ದ ಜಾಗದಲ್ಲೇ. ಅದಕ್ಕೇ ಎಷ್ಟೋ ಹಬ್ಬುಗಳಲ್ಲಿ ಎಂಡ್ ಕ್ಯಾಪ್ ಬದಲಿಸಿದರೆ 142 ಹೋಗಿ 135 ಆಗುತ್ತದೆ. ಬೂಸ್ಟ್ 148 ಹಾಗಲ್ಲ. ಅಲ್ಲಿ ಫ್ಲಾಂಜುಗಳೇ ಎರಡೂ ಕಡೆ 3 ಮಿಮೀ ಹೊರಗೆ ಹೋಗಿವೆ, ರೋಟರೂ 3 ಮಿಮೀ ಹೊರಗೆ. ನಿಮ್ಮ ಫ್ರೇಮಿನ ಎರಡು ಡ್ರಾಪ್‌ಔಟ್‌ಗಳ (ಆಕ್ಸಲ್ ಕೂರುವ ತುದಿಗಳ) ನಡುವೆ ಅದಕ್ಕೆ ಜಾಗವೇ ಇಲ್ಲ. ಮುಂದೆಯೂ ಅಷ್ಟೇ, 15×110ರ ಹಬ್ಬು 100ರ ಫೋರ್ಕಿಗೆ ಬಾರದು. ಕಿರಿದಾದ ಹಬ್ಬನ್ನು ಅಗಲದ ಫ್ರೇಮಿಗೆ ಹೊಂದಿಸುವ ಕಿಟ್ ಇದೆ: 142ನ್ನು 148ಕ್ಕೆ ಹಾಕಲು ಎರಡೂ ಬದಿ 3 ಮಿಮೀ ಕ್ಯಾಪು, ರೋಟರಿನಡಿ 3 ಮಿಮೀ ಸ್ಪೇಸರು, ಉದ್ದದ ಬೋಲ್ಟು. ಉಲ್ಟಾ ಮಾಡುವ ಕಿಟ್ ಇಲ್ಲ. ಅಲ್ಯೂಮಿನಿಯಂ ಸ್ಟೇಗಳನ್ನು ಎಳೆದು ಅಗಲಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಲೇಬೇಡಿ, ಬೆಸುಗೆಯ ಪಕ್ಕದಲ್ಲಿ ಬಿರುಕು ಬಿಡುತ್ತದೆ.

27.5 ಬೇಕೇ ಬೇಕು ಅಂದರೆ ನಿಮ್ಮದೇ ಹಬ್ಬು ಇಟ್ಟುಕೊಂಡು 584ರ ರಿಮ್ ಕಟ್ಟಿಸಬಹುದು. ಹಳೆಯ ಕಡ್ಡಿಗಳು ಸುಮಾರು 12 ಮಿಮೀ ಗಿಡ್ಡವಾಗುತ್ತವೆ, ಒಂದೂ ಉಪಯೋಗಕ್ಕೆ ಬರುವುದಿಲ್ಲ. ಎರಡು ಗಾಲಿಗೆ 64 ಕಡ್ಡಿ, 64 ನಿಪ್ಪಲ್, ಎರಡು ರಿಮ್, ಕಟ್ಟುವ ಕೂಲಿ. ಕಡ್ಡಿಯ ಉದ್ದವನ್ನು ಹೊಸ ರಿಮ್ಮಿನ ಇಆರ್‌ಡಿ (ಕಡ್ಡಿಗಳ ತುದಿ ನಿಲ್ಲುವ ವ್ಯಾಸ) ಅಳೆದೇ ಲೆಕ್ಕ ಹಾಕಬೇಕು, ಡಬ್ಬಿಯ ಮೇಲೆ ಬರೆದದ್ದನ್ನು ನಂಬಬಾರದು.

---

ಕೆಮ್ಮಣ್ಣುದಾರಿ:

ಇಬ್ಬರಿಗೂ ಧನ್ಯವಾದ. ಹೇಳಿದಂತೆ ಅಳೆದೆ. ಗಾಲಿಯ ಎತ್ತರ 664 ಮಿಮೀ, ತ್ರಿಜ್ಯ 332. ಚೈನ್‌ಸ್ಟೇ ಸೇತುವೆಯ ಹತ್ತಿರ ಸಂದು 17. ಫೋರ್ಕ್ ಪೂರ್ತಿ ಇಳಿಸಿದಾಗ ಕ್ರೌನಿನಡಿ 18, ಆರ್ಚಿನಡಿ 20. 12.5 ಮಿಮೀ ಮುಂದಕ್ಕೆ ಚೈನ್‌ಸ್ಟೇಗಳ ನಡುವೆ 68 ಮಿಮೀ.

---

ಬೀಡ್‌ಸಾಲು ಉತ್ತರ:

ಚೆನ್ನಾಗಿ ಅಳೆದಿದ್ದೀರಿ. ಹಿಂದಿನ ಮಿತಿ 332+17=349, ಮುಂದಿನದು 350.

27.5×2.1 ಟೈರಿನ ತ್ರಿಜ್ಯ: 584ರ ಅರ್ಧ 292, ಟೈರಿನ ಎತ್ತರ ಸುಮಾರು 53, ಒಟ್ಟು 345. ಹಿಂದೆ ಉಳಿಯುವುದು 4 ಮಿಮೀ, ಕ್ರೌನಿನಡಿ 5. ಎರಡೂ 6ಕ್ಕಿಂತ ಕಡಿಮೆ. ಅಂಗಳದಲ್ಲಿ ಗಾಲಿ ಸಲೀಸಾಗಿ ತಿರುಗುತ್ತದೆ, ನೋಡಿದವರು ಕೂತಿತು ಅನ್ನುತ್ತಾರೆ. ಹೊಸ ಟೈರು ಗಾಳಿ ತುಂಬಿದ ಮೊದಲ ಒಂದೆರಡು ದಿನದಲ್ಲಿ ಸ್ವಲ್ಪ ಹಿಗ್ಗುತ್ತದೆ. ಆಮೇಲೆ ಮಲೆನಾಡಿನ ಜೇಡಿಮಣ್ಣು, ಅದರಲ್ಲಿ ಅಂಟಿದ ಒಂದು ಜಲ್ಲಿ ಚೂರು. 4 ಮಿಮೀ ಸಂದಿನಲ್ಲಿ ಆ ಚೂರು ಸೇತುವೆಯ ಅಲ್ಯೂಮಿನಿಯಮ್ಮನ್ನು ಅರದ ಹಾಗೆ ತೇಯುತ್ತದೆ.

ಸಣ್ಣ ಟೈರು ಹಾಕಿದರೆ? 27.5×1.95 ಕೂರುತ್ತದೆ. ತ್ರಿಜ್ಯ 341.5, ಹಿಂದೆ 7.5, ಮುಂದೆ 8.5 ಉಳಿಯುತ್ತದೆ. ಈಗ ಇದರ ಪಕ್ಕದಲ್ಲಿ ನಿಮ್ಮ ಹಳೆಯ ರಿಮ್ಮಿನ ಮೇಲೆಯೇ ಒಂದು 26×2.25 ಇಟ್ಟು ನೋಡಿ. 279.5+57=336.5. ವ್ಯತ್ಯಾಸ ಬರೀ 5 ಮಿಮೀ! ಆ 5 ಮಿಮೀಗಾಗಿ ರಿಮ್, ಕಡ್ಡಿ, ಕೂಲಿ, ಟೈರು ಎಲ್ಲಕ್ಕೂ ದುಡ್ಡು ಸುರಿದು, ಕೊನೆಗೆ ಸಿಗುವುದು ಗಾಳಿ ಕಡಿಮೆ ಹಿಡಿಯುವ ತೆಳು ಟೈರು. ಜಲ್ಲಿಯಲ್ಲಿ ಹಿಡಿತ ಮತ್ತು ಮೆತ್ತನೆ ಬರುವುದು ಟೈರಿನೊಳಗಿನ ಗಾಳಿಯ ಗಾತ್ರದಿಂದ. 2.25ರಲ್ಲಿ ನಿಮಗೆ ಹಿಂದೆ ಇನ್ನೂ 12 ಮಿಮೀ ಸಂದು ಇರುತ್ತದೆ, ಕೆಸರು ಹರಿದು ಹೋಗುತ್ತದೆ. ಅಗಲದಲ್ಲೂ 68ರೊಳಗೆ 57 ಕೂತರೆ ಬದಿಗೆ ಐದೂವರೆ. ಅದು ಕೂಡ ನಾನು ಹೇಳಿದ 6ಕ್ಕಿಂತ ಕೂದಲೆಳೆ ಕಡಿಮೆ, ಆದರೆ 68 ನೀವು ಅಳೆದದ್ದು ಮುಂದಿನ ಕಿರಿದಾದ ಜಾಗದಲ್ಲಿ. 26ರ ಟೈರು ಉಬ್ಬುವ ಕಡೆ ಸ್ಟೇಗಳು ಇನ್ನೂ ಅಗಲ ಇರುತ್ತವೆ, ಹಾಕಿದ ಮೇಲೆ 6ರ ಅಲೆನ್ ಕೀ ಎರಡೂ ಬದಿ ಓಡಿಸಿ ಖಚಿತ ಮಾಡಿಕೊಳ್ಳಿ.

ಫ್ರೇಮಿನ ಲೆಕ್ಕವೂ ಸೇರಿಸಿ: ಅದೇ ಅಗಲದ ಟೈರಿನಲ್ಲಿ 27.5 ಹಾಕಿದರೆ ಬಾಟಮ್ ಬ್ರಾಕೆಟ್ 12.5 ಮಿಮೀ ಎತ್ತರಕ್ಕೆ ಹೋಗುತ್ತದೆ, ಗೇರು ಶೇ. 4ರ ಹತ್ತಿರ ಭಾರವಾಗುತ್ತದೆ. ಏರಿನಲ್ಲಿ ಇದು ಕಾಲಿಗೆ ಗೊತ್ತಾಗುತ್ತದೆ.

559ರ ಟೈರು ಇನ್ನೂ ತಯಾರಾಗುತ್ತಿವೆ, ಕಾಂಟಿನೆಂಟಲ್ ರೇಸ್ ಕಿಂಗ್ 26×2.2 ಒಂದು ಉದಾಹರಣೆ. ಆಯ್ಕೆ ಕಡಿಮೆಯಾಗಿದೆ, ಮುಗಿದಿಲ್ಲ. ನಿಮ್ಮೂರಿನ ಅಂಗಡಿಯಲ್ಲಿ ಇಲ್ಲದಿದ್ದರೆ ತರಿಸಿಕೊಡಲು ಹೇಳಿ, ಒಂದರ ಬದಲು ಮೂರು ತೆಗೆದಿಡಿ. ಬಿಸಿಲು ಬೀಳದ ಕಡೆ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ.

---

ಇಳಿಜಾರು ಉತ್ತರ:

ಈ ಫ್ರೇಮಿನ ಮಟ್ಟಿಗೆ ಬೀಡ್‌ಸಾಲು ಅವರ ಮಾತೇ ಸರಿ. ಆದರೆ ದೊಡ್ಡ ಗಾಲಿಯೇ ವ್ಯಾಪಾರದ ಗಿಮಿಕ್ಕು ಅನ್ನುವ ತೀರ್ಮಾನಕ್ಕೆ ಯಾರೂ ಬರಬಾರದು ಎಂದು ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಗಾಲಿ ಅದೇ ಕಲ್ಲನ್ನು ಚಪ್ಪಟೆ ಕೋನದಲ್ಲಿ ಹತ್ತುತ್ತದೆ, ವೇಗ ಕಳೆದುಕೊಳ್ಳುವುದು ಕಡಿಮೆ. 2012ರ ಲಂಡನ್ ಒಲಿಂಪಿಕ್ಸ್‌ನ ಎಂಟಿಬಿ ಸ್ಪರ್ಧೆಯಲ್ಲಿ ಯಾರೊಸ್ಲಾವ್ ಕುಲ್ಹಾವಿ 29ರಲ್ಲಿ ಚಿನ್ನ ಗೆದ್ದರು, ನೀನೋ ಶುರ್ಟರ್ 27.5ರಲ್ಲಿ ಬೆಳ್ಳಿ. ಅದೇ ಶುರ್ಟರ್ 2016ರ ರಿಯೋದಲ್ಲಿ ಚಿನ್ನ ಗೆದ್ದದ್ದು 29ರ ಮೇಲೆ. ಆದರೆ ಆ ಲಾಭ ಬರುವುದು ಆ ಗಾಲಿಗಾಗಿಯೇ ಕಟ್ಟಿದ ಫ್ರೇಮಿನಲ್ಲಿ.

ಮುಂದೆ ಮಾತ್ರ 27.5 ಹಾಕುವ ಯೋಚನೆಯೂ ನಿಮಗೆ ಬರಬಹುದು. ಈಗಿನ ಫೋರ್ಕಿನಲ್ಲಿ ಜಾಗವಿಲ್ಲ, ಹೊಸದು ಬೇಕು. ಹೊಸ ಫೋರ್ಕುಗಳಲ್ಲಿ ಹೆಚ್ಚಿನವುಗಳ ಸ್ಟಿಯರರ್ ಟೇಪರ್ಡ್, ಕೆಳಗೆ ದಪ್ಪವಾಗಿ 1.5 ಇಂಚು. ನಿಮ್ಮ 1⅛ ಹೆಡ್‌ಟ್ಯೂಬಿನ (ಸ್ಟಿಯರರ್ ಹೋಗುವ ಫ್ರೇಮಿನ ಕೊಳವೆಯ) ಒಳವ್ಯಾಸ 34 ಮಿಮೀ ಆಗಿದ್ದರೆ ಅದು ಒಳಗೆ ಹೋಗುವುದೇ ಇಲ್ಲ. 44 ಮಿಮೀ ಇದ್ದರೆ ಹೊರಗಿನ ಕಪ್ ಹಾಕಿ ಕೂರಿಸಬಹುದು. ಕೂರಿಸಿದರೂ ಫೋರ್ಕಿನ ಹೆಚ್ಚುವರಿ ಉದ್ದ ಮತ್ತು ಗಾಲಿಯ ಎತ್ತರ ಸೇರಿ ಮುಂಭಾಗ ಸುಮಾರು 30 ಮಿಮೀ ಏಳುತ್ತದೆ, ಹೆಡ್ ಆ್ಯಂಗಲ್ (ಹೆಡ್‌ಟ್ಯೂಬಿನ ಓರೆ) ಒಂದೂವರೆ ಡಿಗ್ರಿ ಮಲಗುತ್ತದೆ. ಕಡಿದಾದ ಏರಿನಲ್ಲಿ ಮುಂದಿನ ಗಾಲಿ ನೆಲ ಬಿಟ್ಟು ಅಲೆದಾಡುತ್ತದೆ.

29ರ ಸೈಕಲ್ಲಿಗೆ ಹಿಂದೆ ಮಾತ್ರ 27.5 ಹಾಕುವ ಮಲೆಟ್‌ಗೂ ಇದೇ ಲೆಕ್ಕ. ಎರಡು ಗಾಲಿ ಒಂದೇ ಅಳತೆ ಇರಬೇಕೆಂಬ ನಿಯಮವನ್ನು ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ) 2019ರಲ್ಲಿ ತೆಗೆದಮೇಲೆ ಅದು ಹರಡಿತು. ಹಿಂದಿನ ಆಕ್ಸಲ್ 19 ಮಿಮೀ ಇಳಿಯುತ್ತದೆ, ವೀಲ್‌ಬೇಸ್ 1200 ಇದ್ದರೆ ಬಾಟಮ್ ಬ್ರಾಕೆಟ್ 12 ಮಿಮೀ ಕೆಳಗೆ, ಕೋನಗಳು 0.9 ಡಿಗ್ರಿ ಹಿಂದಕ್ಕೆ. ಫ್ಲಿಪ್ ಚಿಪ್ (ಕೋನ, ಎತ್ತರ ಹೊಂದಿಸಲು ತಿರುಗಿಸಿ ಹಾಕುವ ಬಿಲ್ಲೆ) ಇಲ್ಲದ ಫ್ರೇಮಿನಲ್ಲಿ ಪೆಡಲು ಕಲ್ಲಿಗೆ ಬಡಿಯುವುದು ಖಂಡಿತ.

ಮುಂದೊಂದು ದಿನ ಹೊಸ ಸೈಕಲ್ ಕೊಳ್ಳುವಾಗ ಗಾಲಿಯ ಅಳತೆಗಿಂತ ಮೊದಲು ಹಿಂದೆ 148×12, ಮುಂದೆ 15×110, ಟೇಪರ್ಡ್ ಹೆಡ್‌ಟ್ಯೂಬು ಇವಿಷ್ಟನ್ನು ನೋಡಿ. ಮುಂದೆ ಬಿಡಿಭಾಗ ಸಿಗುವುದು ಅವಕ್ಕೆ.

---

ಕೆಮ್ಮಣ್ಣುದಾರಿ:

ಹಾಗಾದರೆ 26×2.25 ಎಂದು ತೀರ್ಮಾನಿಸಿದೆ. ಕೊನೆಯ ಪ್ರಶ್ನೆ: ಈ 19 ಮಿಮೀ ರಿಮ್ಮಿಗೆ ಟೇಪ್ ಸುತ್ತಿ, ಸೀಲಂಟ್ ಹಾಕಿ ಟ್ಯೂಬ್‌ಲೆಸ್ ಮಾಡಬಹುದೇ?

---

ಹಬ್‌ಕೋನ್ ಉತ್ತರ:

ಬೇಡ. ಟ್ಯೂಬ್‌ಲೆಸ್ ರಿಮ್ಮಿನಲ್ಲಿ ಬೀಡು ಕೂರುವ ಕಟ್ಟೆ ಮಟ್ಟಸವಾಗಿದ್ದು, ಒಳ ಅಂಚಿನಲ್ಲಿ ಸಣ್ಣ ದಿಣ್ಣೆ ಇರುತ್ತದೆ, ಬೀಡು ಒಳಕ್ಕೆ ಜಾರದಂತೆ ಅದು ತಡೆಯುತ್ತದೆ. ಹಳೆಯ ಟ್ಯೂಬ್ ರಿಮ್ಮಿನಲ್ಲಿ ಆ ದಿಣ್ಣೆ ಇಲ್ಲ. ಮೇಲಾಗಿ ಕಿರಿದಾದ ರಿಮ್ಮಿನ ಮೇಲೆ ಅಗಲದ ಟೈರು ಬಲ್ಬಿನ ಆಕಾರದಲ್ಲಿ ನಿಂತು ತಿರುವಿನಲ್ಲಿ ಬದಿಗೆ ವಾಲುತ್ತದೆ. ಆಗ ಬೀಡು ಒಂದು ಕ್ಷಣ ಬಿಟ್ಟು ಗಾಳಿ ಭುಸ್ಸೆಂದು ಹೋಗುತ್ತದೆ. 2.25ರ ಮೇಲೆ ಹೋಗದಿರಲು ಕಾರಣವೂ ಇದೇ.

ಟ್ಯೂಬಿನಲ್ಲೇ ಓಡಿಸಿ. 70 ಕಿಲೋ ಸವಾರನಾದರೆ ಮುಂದೆ 28, ಹಿಂದೆ 32 ಪಿಎಸ್‌ಐನಿಂದ ಶುರುಮಾಡಿ. ಟ್ಯೂಬಿನಲ್ಲಿ ಅಕ್ಕಪಕ್ಕ ಜೋಡಿ ತೂತು ಬಿದ್ದರೆ ಅದು ಮುಳ್ಳಲ್ಲ, ರಿಮ್ಮಿನ ಎರಡು ಅಂಚು ಕಚ್ಚಿದ್ದು: 2 ಪಿಎಸ್‌ಐ ಹೆಚ್ಚಿಸಿ. ಹಾಕುವಾಗ ಟ್ಯೂಬಿಗೆ ಸ್ವಲ್ಪ ಗಾಳಿ ಕೊಟ್ಟು ದುಂಡಗೆ ಮಾಡಿ ಒಳಗಿಡಿ, ಟೈರಿನ ಕೊನೆಯ ಭಾಗವನ್ನು ವಾಲ್ವಿನ ಹತ್ತಿರ ಮುಗಿಸಿ, ವಾಲ್ವನ್ನು ಒಮ್ಮೆ ಒಳಕ್ಕೆ ತಳ್ಳಿ ಎಳೆಯಿರಿ. ಆಮೇಲೆ ಟೈರಿನ ಬುಡದಲ್ಲಿ ಸುತ್ತಲೂ ಇರುವ ತೆಳು ಗೆರೆ ರಿಮ್ಮಿನ ಅಂಚಿನಿಂದ ಎಲ್ಲ ಕಡೆ ಒಂದೇ ದೂರದಲ್ಲಿದೆಯೇ ನೋಡಿ. ಒಂದು ಕಡೆ ಗೆರೆ ಮುಳುಗಿದ್ದರೆ ಗಾಳಿ ಬಿಟ್ಟು, ಅಲ್ಲಿಗೆ ಸೋಪಿನ ನೀರು ಹಚ್ಚಿ, ಟೈರಿನ ಮೇಲೆ ಬರೆದಿರುವ ಗರಿಷ್ಠ ಒತ್ತಡ ಮೀರದಂತೆ ಮತ್ತೆ ತುಂಬಿ.