ಎಂಟರಲ್ಲಿ ಒಂದು ಕೋಳಿಮರಿ ಮಾತ್ರ ಬೆಳೆಯುತ್ತಿಲ್ಲ, ಉಳಿಸಿಕೊಂಡವರು ಯಾರಾದರೂ ಇದ್ದೀರಾ?

ಪ್ರಶ್ನೆ

ಹೇಂಟೆ ಕಾವಿಗೆ ಕೂತು 21ನೇ ದಿನಕ್ಕೆ ಏಳು ಮರಿ ಆದವು. ಎಂಟನೆಯದು ಮಾರನೇ ದಿನ ಸಂಜೆ ಒದ್ದಾಡಿಕೊಂಡು ಹೊರಗೆ ಬಂತು. ಈಗ ಅದಕ್ಕೆ ಐದು ದಿನ. ಉಳಿದವು 55ರಿಂದ 60 ಗ್ರಾಂ ತೂಗುತ್ತಿವೆ, ಇದು 34. ತಾಯಿ ಕರೆದರೆ ಎಲ್ಲಾ ಓಡುತ್ತವೆ, ಇದು ನಾಲ್ಕು ಹೆಜ್ಜೆ ಹೋಗಿ ನಿಂತಲ್ಲೇ ಕಣ್ಣು ಮುಚ್ಚುತ್ತದೆ. ರೆಕ್ಕೆ ಜೋತುಬಿದ್ದಿದೆ. ಸಿರಿಂಜಿನಲ್ಲಿ ನೀರು ಕುಡಿಸಲು ಹೋದೆ, ಮೂಗಿನಿಂದ ಹೊರಗೆ ಬಂತು. ಹೆದರಿ ಬಿಟ್ಟುಬಿಟ್ಟೆ. ಏನು ಮಾಡಲಿ?

ಉತ್ತರ 1

ಮೊದಲು ಆ ಸಿರಿಂಜು ಎತ್ತಿಡಿ. ಮರಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುತ್ತದೆ, ಒತ್ತಿ ಬಿಟ್ಟ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ನನ್ನ ಕೈಯಲ್ಲೇ ಒಂದು ಮರಿ ಹೀಗೆ ಹೋಗಿದೆ, ಅದಕ್ಕೇ ಜೋರಾಗಿ ಹೇಳುತ್ತಿದ್ದೇನೆ. ಕೊಕ್ಕಿನ ಪಕ್ಕಕ್ಕೆ ಒಂದು ಹನಿ ಮುಟ್ಟಿಸಿ. ಅದಾಗಿಯೇ ಕೊಕ್ಕು ಆಡಿಸಿ ಒಳಗೆ ಎಳೆದುಕೊಳ್ಳುತ್ತದೆ. ನುಂಗಿದ ಮೇಲೆ ಇನ್ನೊಂದು ಹನಿ.

ಆದರೆ ನೀರಿಗಿಂತ ಮೊದಲು ಕಾವು. ಮರಿಯ ಪಾದ ನಿಮ್ಮ ಕೆನ್ನೆಗೆ ಒತ್ತಿ ನೋಡಿ. ತಣ್ಣಗಿದ್ದರೆ ಊಟದ ಮಾತೇ ಬೇಡ, ತಣ್ಣಗಾದ ಮರಿಗೆ ತಿಂದದ್ದು ಅರಗುವುದಿಲ್ಲ. ಎರಡೂ ಅಂಗೈಯಲ್ಲಿ ಮುಚ್ಚಿಕೊಂಡು ಕೂತುಬಿಡಿ, ಅಷ್ಟರಲ್ಲಿ ಮನೆಯವರು ಯಾರಾದರೂ ಪೆಟ್ಟಿಗೆ ಸಿದ್ಧ ಮಾಡಲಿ. ಒಂದು ತುದಿಗೆ ಬಲ್ಬ್, ಇನ್ನೊಂದು ತುದಿ ತಂಪಾಗಿರಲಿ. ಮರಿಯ ಬೆನ್ನಿನ ಎತ್ತರಕ್ಕೆ ಥರ್ಮಾಮೀಟರ್ ಇಟ್ಟರೆ ಬಲ್ಬಿನ ಕೆಳಗೆ ಸುಮಾರು 35 ಡಿಗ್ರಿ ತೋರಿಸಬೇಕು. ಸಾಮಾನ್ಯವಾಗಿ ವಾರಕ್ಕೆ ಮೂರು ಡಿಗ್ರಿ ಇಳಿಸುತ್ತಾ ಹೋಗುತ್ತಾರೆ. ಬಡಕಲು ಮರಿಗೆ ನಾನು ಒಂದು ವಾರ ತಡವಾಗಿಯೇ ಇಳಿಸುವುದು. ಥರ್ಮಾಮೀಟರ್ ಇಲ್ಲದಿದ್ದರೂ ಮರಿಯೇ ಹೇಳುತ್ತದೆ: ಬಲ್ಬಿನಡಿ ಮುದುಡಿ ಕೂತು ಕಿರುಚಿದರೆ ಚಳಿ, ದೂರದ ಮೂಲೆಗೆ ಹೋಗಿ ಕೊಕ್ಕು ತೆರೆದು ಏದುಸಿರು ಬಿಟ್ಟರೆ ಸೆಕೆ. ಬಲ್ಬನ್ನು ಬರೀ ವೈರಿನಿಂದ ನೇತುಹಾಕಬೇಡಿ, ತಂತಿಯಿಂದ ಬಿಗಿದು ಕಟ್ಟಿ. ಕೆಳಗೆ ಹಾಸಿದ ಹೊಟ್ಟಿನ ಮೇಲೆ ಬಿದ್ದರೆ ಬೆಂಕಿಯೇ ಗತಿ.

ಮೊಟ್ಟೆಯೊಳಗೆ ಉಳಿದ ಹಳದಿ ಭಾಗ ಹೊಟ್ಟೆಗೆ ಸೇರಿಕೊಂಡೇ ಮರಿ ಹೊರಬರುತ್ತದೆ. ಆ ಬುತ್ತಿ ಎರಡು ಮೂರು ದಿನಕ್ಕೆ ಸಾಕು. ನಿಮ್ಮದು ಅಲ್ಲಿಯವರೆಗೆ ಅದರ ಮೇಲೇ ಬದುಕಿದೆ, ತಿನ್ನಲು ಕಲಿಯುವ ಹೊತ್ತಿಗೆ ಬುತ್ತಿ ಮುಗಿದಿದೆ. ಅದಕ್ಕೇ ಈಗ ಒಂದೇ ಸಲ ಕುಸಿದಂತೆ ಕಾಣುತ್ತಿರುವುದು.

ಮೈ ಬೆಚ್ಚಗಾದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಸಣ್ಣ ಚಮಚ ಸಕ್ಕರೆ. ಇದು ಮೊದಲ ದಿನಕ್ಕೆ ಮಾತ್ರ, ಆಮೇಲೆ ಬರೀ ನೀರು. ಬಾಟಲಿ ಮುಚ್ಚಳದಂಥ ಆಳವಿಲ್ಲದ ಪಾತ್ರೆಯಲ್ಲಿ ಇಟ್ಟು ಒಳಗೆ ನಾಲ್ಕು ಕಲ್ಲು ಹಾಕಿ, ಇಂಥ ಮರಿ ಅರ್ಧ ಇಂಚು ನೀರಿನಲ್ಲೂ ಮುಖ ಅದ್ದಿಕೊಂಡು ಸಾಯಬಲ್ಲದು. ಮೇವಿಗೆ ಸ್ಟಾರ್ಟರ್ ಪುಡಿಯನ್ನೇ (ಎಳೆ ಮರಿಗಳ ಮೇವು) ನೀರಿನಲ್ಲಿ ಕಲಸಿ ಗಂಜಿಯ ಹಾಗೆ ಮಾಡಿ. ಬೆಂದ ಮೊಟ್ಟೆಯ ಹಳದಿ ಚೂರು ಪುಡಿ ಮಾಡಿ ಮೇಲೆ ಉದುರಿಸಿದರೆ ಆಸೆಪಟ್ಟು ಕುಟುಕುತ್ತದೆ. ಎರಡು ಗಂಟೆ ದಾಟಿದ್ದನ್ನು ಎಸೆದುಬಿಡಿ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಬೇಗ ಹಳಸುತ್ತದೆ.

ತಿನ್ನದಿದ್ದರೆ ಬೆರಳ ತುದಿಯಿಂದ ಮೇವನ್ನು ಟಕ್ ಟಕ್ ಅಂತ ಕುಟ್ಟಿ. ಹೇಂಟೆ ಮಾಡುವುದೂ ಅದನ್ನೇ, ಕಾಳನ್ನು ಎತ್ತಿ ಎತ್ತಿ ಹಾಕಿ ಕರೆಯುತ್ತದೆ. ಹತ್ತು ನಿಮಿಷ ನೆಲಕ್ಕೆ ಕೂತು ಬೆರಳು ಕುಟ್ಟುವಾಗ ನೋಡಿದವರು ನಗುತ್ತಾರೆ, ನಗಲಿ.

ಉತ್ತರ 2

ಹಿಂದುಗಡೆ ನೋಡಿದಿರಾ? ಹಿಕ್ಕೆ ಅಂಟಿ ಒಣಗಿ ಮುಚ್ಚಿಕೊಂಡಿದ್ದರೆ ಏನು ತಿನ್ನಿಸಿದರೂ ಪ್ರಯೋಜನವಿಲ್ಲ. ಕೀಳಬೇಡಿ, ಚರ್ಮವೂ ಬಂದುಬಿಡುತ್ತದೆ. ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯನ್ನು ಒತ್ತಿ ಹಿಡಿದು ನೆನೆಸಿ, ಮೆಲ್ಲಗೆ ಒರೆಸಿ, ಪೂರ್ತಿ ಒಣಗಿಸಿಯೇ ಪೆಟ್ಟಿಗೆಗೆ ಬಿಡಿ. ಒಂದು ಎಚ್ಚರಿಕೆ: ಅದಕ್ಕಿಂತ ಸ್ವಲ್ಪ ಹೊಟ್ಟೆಯ ಕಡೆಗೆ ಹೊಕ್ಕುಳ ಹಕ್ಕಳೆ ಇರುತ್ತದೆ. ಅದನ್ನು ಹಿಕ್ಕೆ ಅಂದುಕೊಂಡು ಎಳೆಯುವವರಿದ್ದಾರೆ, ಕರುಳೇ ಈಚೆ ಬರಬಹುದು. ಹೊಕ್ಕುಳು ಊದಿಕೊಂಡು ಒದ್ದೆಯಾಗಿ ವಾಸನೆ ಬರುತ್ತಿದ್ದರೆ ಅದು ಸೋಂಕು, ಪಶುವೈದ್ಯರ ಹತ್ತಿರ ಹೋಗಿ.

ಕೇಳಿದವರು

ಪಾದ ಐಸಿನ ಹಾಗಿತ್ತು! ಹಿಂದೆಯೂ ಅಂಟಿಕೊಂಡಿತ್ತು, ನೆನೆಸಿ ತೆಗೆದೆ, ದೊಡ್ಡದೊಂದು ಹಿಕ್ಕೆ ಹಾಕಿತು. ಮುಕ್ಕಾಲು ಗಂಟೆ ಕೈಯಲ್ಲೇ ಇಟ್ಟುಕೊಂಡಿದ್ದೆ. ಈಗ ಪೆಟ್ಟಿಗೆಯಲ್ಲಿ ನಿಂತಿದೆ, ಆದರೆ ಒಂದೇ ಸಮನೆ ಕಿರುಚುತ್ತಿದೆ. ಸೆಕೆಯೂ ಅಲ್ಲ, ಚಳಿಯೂ ಅಲ್ಲ.

ಉತ್ತರ 3

ಒಂಟಿತನ ಅದು. ಮೇಲೆ ಬರೆದವರ ಮಾತೆಲ್ಲಾ ಒಪ್ಪಿದೆ, ಆದರೆ ಮರಿಯನ್ನು ಒಂದೇ ಇಡಬೇಡಿ. ಉಳಿದವುಗಳಲ್ಲಿ ಸಾಧುವಾದ ಒಂದನ್ನು ಜೊತೆಗೆ ಬಿಡಿ. ಪಕ್ಕದಲ್ಲಿ ಒಂದು ಕುಟುಕುವುದನ್ನು ನೋಡಿದರೆ ಇದೂ ಕುಟುಕುತ್ತದೆ, ನಮ್ಮ ಬೆರಳಿಗಿಂತ ಅದು ಒಳ್ಳೆಯ ಮೇಷ್ಟ್ರು. ಜೋರಿನ ಮರಿ ಹಾಕಿದರೆ ಕಣ್ಣು, ಕಾಲ್ಬೆರಳು ಕುಕ್ಕುತ್ತದೆ, ಮೊದಲ ಅರ್ಧ ಗಂಟೆ ಕಾದು ನೋಡಿ.

ಪೆಟ್ಟಿಗೆಗೆ ನ್ಯೂಸ್‌ಪೇಪರ್ ಹಾಸಿದ್ದರೆ ತೆಗೆದು ಒರಟು ಬಟ್ಟೆ ಹಾಸಿ. ಜಾರುವ ನೆಲದಲ್ಲಿ ಬಲವಿಲ್ಲದ ಕಾಲು ಎರಡೂ ಕಡೆ ಅಗಲವಾಗಿ ಚಾಚಿಕೊಂಡುಬಿಡುತ್ತದೆ. ಹಾಗೆ ಆಗಿದ್ದನ್ನು ಬ್ಯಾಂಡೇಜ್ ಪಟ್ಟಿಯಿಂದ ಎರಡೂ ಕಾಲನ್ನು ನಿಲ್ಲುವಷ್ಟು ಅಂತರಕ್ಕೆ ಕಟ್ಟಿ ಸರಿ ಮಾಡಿದ್ದೇನೆ, ನಾಲ್ಕು ದಿನ ಹಿಡಿಯಿತು.

ಉತ್ತರ 4

ತಿಂದಿದೆಯೋ ಇಲ್ಲವೋ ಅಂತ ಊಹೆ ಮಾಡಬೇಡಿ. ರಾತ್ರಿ ಮಲಗುವ ಮುಂಚೆ ಕುತ್ತಿಗೆಯ ಬುಡದಲ್ಲಿ, ಎದೆಯ ಬಲಭಾಗಕ್ಕೆ ಬೆರಳಿಟ್ಟು ನೋಡಿ. ಮೇವಿನ ಚೀಲ ಮೆತ್ತಗೆ ತುಂಬಿರಬೇಕು, ಬೆಳಿಗ್ಗೆ ಖಾಲಿಯಾಗಿರಬೇಕು. ಬೆಳಿಗ್ಗೆಯೂ ಗಟ್ಟಿಯಾಗಿಯೇ ಇದ್ದರೆ ಒಳಗೆ ಇಳಿದಿಲ್ಲ ಅಂತ, ಇನ್ನಷ್ಟು ತುರುಕಬೇಡಿ. ದಿನಾ ಒಂದೇ ಹೊತ್ತಿಗೆ ತೂಗಿ ಬರೆದಿಡಿ. ಉಳಿದವಕ್ಕೆ ಹೋಲಿಸಬೇಡಿ, ಅದರ ನಿನ್ನೆಯ ತೂಕಕ್ಕೆ ಹೋಲಿಸಿ.

ವಿಟಮಿನ್ ಹನಿ ಕೊಡಬಹುದು. ಕಾಲ್ಬೆರಳು ಒಳಕ್ಕೆ ಮಡಚಿಕೊಂಡಿದ್ದರೆ ಬಿ2 ಕೊರತೆಯ ಲಕ್ಷಣ, ಬೇಗ ಕೊಟ್ಟರೆ ಬಿಡಿಸಿಕೊಳ್ಳುತ್ತದೆ. ಮುಂದೆ ಮೂರನೇ ವಾರದ ನಂತರ ಮತ್ತೆ ಮಂಕಾಗಿ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಬೇರೆ ಕಥೆ, ಕಾಕ್ಸಿಡಿಯೋಸಿಸ್ ಎಂಬ ಕರುಳಿನ ಪರೋಪಜೀವಿ ರೋಗ ಇರಬಹುದು. ಅದಕ್ಕೆ ವೈದ್ಯರು ಆಂಪ್ರೋಲಿಯಂ ಬರೆದರೆ ಆ ದಿನಗಳಲ್ಲಿ ಬಿ1 ಇರುವ ವಿಟಮಿನ್ ನಿಲ್ಲಿಸಿ. ಪರೋಪಜೀವಿಗೆ ಬಿ1 ಸಿಗದಂತೆ ಮಾಡುವುದೇ ಆ ಔಷಧಿಯ ಕೆಲಸ, ನೀವು ಇತ್ತ ಕಡೆಯಿಂದ ಅದನ್ನೇ ಕುಡಿಸಿದರೆ ಔಷಧಿ ನೀರುಪಾಲು. ಮರಿ ಮುಟ್ಟಿದ ಮೇಲೆ ಕೈ ಸೋಪಿನಿಂದ ತೊಳೆಯಿರಿ, ಮಕ್ಕಳು ಮುದ್ದು ಮಾಡಲು ಬಿಡಬೇಡಿ. ಚೆನ್ನಾಗಿ ಕಾಣುವ ಮರಿಯಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು.

ಉತ್ತರ 5

ನಾನು ಇದೆಲ್ಲಾ ಮಾಡಿಯೂ ಕಳೆದುಕೊಂಡಿದ್ದೇನೆ. ಒಂಬತ್ತು ದಿನ ಇತ್ತು. ತಿನ್ನುತ್ತಿತ್ತು, ಓಡಾಡುತ್ತಿತ್ತು, ತೂಕ ಮಾತ್ರ ಏರಲೇ ಇಲ್ಲ. ಹುಟ್ಟುವಾಗಲೇ ಒಳಗೆ ಏನೋ ಸರಿಯಿಲ್ಲದ ಮರಿಗಳೂ ಇರುತ್ತವೆ. ನಿಮ್ಮದು ಹಾಗಾದರೆ ನಿಮ್ಮ ಕೈಗುಣ ಅಂತ ಬೈದುಕೊಳ್ಳಬೇಡಿ ಅಂತ ಹೇಳಲು ಬರೆದೆ, ಹೆದರಿಸಲಿಕ್ಕಲ್ಲ.

ಕೇಳಿದವರು

ನಾಲ್ಕು ದಿನದ ಲೆಕ್ಕ: 34, 34, 37, 41. ಜೊತೆಗೆ ಬಿಟ್ಟ ಮರಿ ಬಂದ ಐದೇ ನಿಮಿಷಕ್ಕೆ ಕಿರುಚಾಟ ನಿಂತಿತು, ಇಬ್ಬರೂ ಒಂದರ ಮೇಲೊಂದು ಮಲಗುತ್ತಾರೆ. ಹಳದಿ ಎರಡು ದಿನ ಕೊಟ್ಟು ನಿಲ್ಲಿಸಿದೆ, ಹಿಕ್ಕೆ ಅಂಟಂಟಾಗತೊಡಗಿತ್ತು. ಈಗ ತಾಯಿಯ ಹತ್ತಿರ ಯಾವಾಗ ಬಿಡಲಿ?

ಉತ್ತರ 1

41 ಕೇಳಿ ಖುಷಿಯಾಯಿತು. ಈಗಲೇ ಬೇಡ, ಏಳು ಮರಿ ಓಡುವ ವೇಗಕ್ಕೆ ಇದು ಓಡುವವರೆಗೆ ಕಾಯಿರಿ. ಹಗಲು ಬಿಡಬೇಡಿ. ಪೂರ್ತಿ ಕತ್ತಲಾದ ಮೇಲೆ, ಹೇಂಟೆ ತೂಕಡಿಸುವಾಗ ಎರಡನ್ನೂ ಒಟ್ಟಿಗೆ ರೆಕ್ಕೆಯಡಿ ತಳ್ಳಿ. ಬೆಳಕು ಹರಿಯುವ ಮುಂಚೆ ನೀವು ಎದ್ದು ಗೂಡಿನ ಹತ್ತಿರ ಇರಬೇಕು. ಬೆಳಕಿನಲ್ಲಿ ನೋಡಿ ಹೇಂಟೆ ಮರಿಯ ತಲೆಗೆ ಕುಕ್ಕಿದರೆ ಒಂದು ಕ್ಷಣವೂ ಕಾಯದೆ ಮರಿಯನ್ನು ಎತ್ತಿಕೊಳ್ಳಿ. ಅಂಥ ಹೇಂಟೆ ಎರಡನೇ ಸಲಕ್ಕೂ ಒಪ್ಪಿದ್ದನ್ನು ನಾನು ಕಂಡಿಲ್ಲ. ಆಗ ಪೆಟ್ಟಿಗೆಯಲ್ಲೇ ಜೋಡಿಯಾಗಿ ಬೆಳೆಸಿ, ಮೈತುಂಬ ಪುಕ್ಕ ಬಂದ ಮೇಲೆ ಹಿಂಡಿಗೆ ಸೇರಿಸಿ.