ಅಪ್‌ಡೇಟ್: ಪೈಥಾನ್ 3.12ರಲ್ಲಿ ನಿಂತುಹೋಗಿದ್ದ ಸ್ಕ್ರಿಪ್ಟ್ ಈಗ ಓಡುತ್ತಿದೆ

ಪೈಥಾನ್ 3.11ರಿಂದ 3.12ಕ್ಕೆ ಹೋದ ಮೇಲೆ ನಮ್ಮ ಆಫೀಸಿನ ಹಳೇ ಸ್ಕ್ರಿಪ್ಟ್ 'ಡಿಸ್ಟ್‌ಯುಟಿಲ್ಸ್ ಮಾಡ್ಯೂಲ್ ಇಲ್ಲ' ಅಂತ ನಿಂತುಬಿಡುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. (ಡಿಸ್ಟ್‌ಯುಟಿಲ್ಸ್ ಅಂದರೆ ಪ್ಯಾಕೇಜುಗಳನ್ನು ಕಟ್ಟಿ ಇನ್‌ಸ್ಟಾಲ್ ಮಾಡಲು ಪೈಥಾನ್ ಜೊತೆಗೇ ಬರುತ್ತಿದ್ದ ಮಾಡ್ಯೂಲ್.) ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್. ಸಮಸ್ಯೆ ಬಗೆಹರಿಯಿತು.

ನೀವು ಹೇಳಿದ್ದೇ ಸರಿ. ಡಿಸ್ಟ್‌ಯುಟಿಲ್ಸ್ ಹೋಗುತ್ತದೆ ಅಂತ 3.10ರಿಂದಲೇ ಎಚ್ಚರಿಕೆ ಬರುತ್ತಿತ್ತು, 3.12ರಲ್ಲಿ ತೆಗೆದೇಬಿಟ್ಟರು. ಪ್ಯಾಕೇಜ್ ಕಟ್ಟಲು ಬಳಸುವ ಸೆಟಪ್‌ಟೂಲ್ಸ್ ಅನ್ನೋ ಲೈಬ್ರರಿ ಇನ್‌ಸ್ಟಾಲ್ ಮಾಡಿದ ಕೂಡಲೇ ಸ್ಕ್ರಿಪ್ಟ್ ಓಡಿತು. ಅದರೊಳಗೆ ಡಿಸ್ಟ್‌ಯುಟಿಲ್ಸ್‌ನ ಪ್ರತಿ ಇದೆ, ಅಲ್ವಾ? 3.12ರಿಂದ ಹೊಸ ವರ್ಚುವಲ್ ಎನ್ವಿರಾನ್‌ಮೆಂಟ್‌ನಲ್ಲಿ (ಒಂದು ಪ್ರಾಜೆಕ್ಟ್‌ಗೆಂದೇ ಮಾಡಿಕೊಳ್ಳುವ ಪ್ರತ್ಯೇಕ ಪೈಥಾನ್ ಜಾಗ) ಸೆಟಪ್‌ಟೂಲ್ಸ್ ತಾನಾಗಿ ಬರುವುದಿಲ್ಲ, ನಾವೇ ಹಾಕಿಕೊಳ್ಳಬೇಕು.

ಆದರೆ ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಕೋಡ್ ನೋಡಿದರೆ ನಮಗೆ ಡಿಸ್ಟ್‌ಯುಟಿಲ್ಸ್‌ನಿಂದ ಬೇಕಿದ್ದದ್ದು ವರ್ಷನ್ ನಂಬರುಗಳನ್ನು ಹೋಲಿಸುವ ಲೂಸ್‌ವರ್ಷನ್ ಒಂದೇ. ಅದನ್ನು ತೆಗೆದು 'ಪ್ಯಾಕೇಜಿಂಗ್' ಎಂಬ ಲೈಬ್ರರಿಯಲ್ಲಿ ಅದೇ ಕೆಲಸ ಮಾಡುವ 'ವರ್ಷನ್' ಕ್ಲಾಸ್ ಬಳಸಿದೆ. ಇಲ್ಲಿ ಸ್ವಲ್ಪ ಹುಷಾರಾಗಿರಿ, ಇದು ತುಂಬಾ ಕಟ್ಟುನಿಟ್ಟು. '2.4-ಓಲ್ಡ್' ಥರದ ನಂಬರನ್ನು ಲೂಸ್‌ವರ್ಷನ್ ಸುಮ್ನೆ ಒಪ್ಪಿಕೊಳ್ಳುತ್ತಿತ್ತು. ಇದು 'ಇನ್‌ವ್ಯಾಲಿಡ್‌ವರ್ಷನ್' ಅಂತ ಎರರ್ ಕೊಡುತ್ತದೆ. ಅಂಥ ನಂಬರುಗಳನ್ನೆಲ್ಲ ಸರಿಮಾಡುವುದೇ ಜಾಸ್ತಿ ಕೆಲಸವಾಯಿತು.

3.13ಕ್ಕೆ ಹೋಗುವವರಿದ್ದರೆ ನಿಮ್ಮ ಕೋಡ್‌ನಲ್ಲಿ ಸಿಜಿಐ ಮಾಡ್ಯೂಲನ್ನೂ (ವೆಬ್ ಫಾರ್ಮ್‌ಗಳ ಮಾಹಿತಿ ಓದಲು ಬಳಸುತ್ತಿದ್ದದ್ದು) ಹುಡುಕಿ ನೋಡಿ. ಅಲ್ಲಿ ಅದನ್ನೂ ತೆಗೆದಿದ್ದಾರೆ.